ವಸುಧಾ ಹೇಳಿದ್ದು ಸರಿ

ನಾನು ಆ ಸ್ಕ್ಯಾನನ್ನು ನೋಡಿರಲಿಲ್ಲ. ನೋಡಿದೆ ಎಂದು ಹೇಳಿದೆ.

ಇದು ನನ್ನ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅದನ್ನು ಆಮೇಲೆ ಬರೆಯುತ್ತೇನೆ. ಈಗಲೇ ಬರೆದರೆ ಮೊದಲನೆಯದು ಸಣ್ಣದಾಗಿ ಕಂಡೀತು — ಅದು ಸಣ್ಣದಲ್ಲ.

ನಾನು ರೇಡಿಯಾಲಜಿಸ್ಟ್. ಮೂವತ್ತಕ್ಕೂ ಹೆಚ್ಚು ವರ್ಷ ಡಲ್ಲಾಸಿನ ಒಂದು ಆಸ್ಪತ್ರೆಯಲ್ಲಿ, ದೀಪ ಆರಿಸಿದ ಕೋಣೆಯಲ್ಲಿ ಕೂತು, ಬೇರೆಯವರ ದೇಹದ ಒಳಗಿನ ಚಿತ್ರಗಳನ್ನು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಕೆಲಸವಾಗಿತ್ತು. ರೋಗಿಯ ಮುಖ ನೋಡುವ ಪ್ರಮೇಯ ಬರುತ್ತಿರಲಿಲ್ಲ. ಅದು ನನ್ನ ಸ್ವಭಾವಕ್ಕೆ ಹೊಂದುತ್ತಿತ್ತು. ಆದರೆ ಡಲ್ಲಾಸಿನ ಅಂಚಿನ ಮರ್ಫಿಯಲ್ಲಿ ಮನೆ ಮಾಡಿದ ಮೇಲೆ ಸುತ್ತಲಿನ ಕನ್ನಡದವರಿಗೆಲ್ಲ ನಾನು ಡಾಕ್ಟರ್ ಅಂಕಲ್ ಆದೆ. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆದು ಬರುವಷ್ಟರಲ್ಲಿ ಯಾರಾದರೂ ಫೋನ್ ಹಿಡಿದು ನಿಂತಿರುತ್ತಿದ್ದರು — "ಅಂಕಲ್, ಒಂದ್ನಿಮಿಷ, ಅಮ್ಮನ ಮೊಣಕಾಲು ಎಕ್ಸ್‌ರೇ." ನೋಡುತ್ತಿದ್ದೆ. ಬೇಸರವಾಗುತ್ತಿತ್ತು. ಯಾರೂ ಕೇಳದ ದಿನ ಅದಕ್ಕಿಂತ ಬೇಸರವಾಗುತ್ತಿತ್ತು.

ವಸುಧಾ ಮತ್ತು ಪ್ರಹ್ಲಾದ ಡಲ್ಲಾಸಿಗೆ ಬಂದ ಹೊಸದರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಅವಳು ಮೈಸೂರಿನವಳು, ಅವನು ಧಾರವಾಡದವನು. ಇಬ್ಬರೂ ಕಂಪ್ಯೂಟರ್ ಚಿಪ್ ಕಂಪನಿಗಳಲ್ಲಿ ಎಂಜಿನಿಯರುಗಳು. ನನ್ನ ಹೆಂಡತಿ ಶಾರದಾಗೆ ಆಪರೇಷನ್ ಆಗಿದ್ದಾಗ ಆರು ವಾರ ನಮ್ಮ ಮನೆಗೆ ಅಡುಗೆ ಬಂದದ್ದು ವಸುಧಾಳ ಕೈಯಿಂದ. ಮುಂದೆ ಅವರು ಆಸ್ಟಿನ್ನಿಗೆ ಶಿಫ್ಟ್ ಆಗಿ ಅದರ ಅಂಚಿನ ಫ್ಲೂಗರ್‌ವಿಲ್‌ನಲ್ಲಿ ಮನೆ ಕೊಂಡರು. ಮಗಳು ನಿಧಿ ಅಲ್ಲೇ ಬೆಳೆದಳು. ಬೇರೆಯವರು ಮಾಡಿದ ಚಿಪ್ ವಿನ್ಯಾಸದಲ್ಲಿ ತಪ್ಪು ಹುಡುಕುವುದು ವಸುಧಾಳ ಕೆಲಸ. ಅವಳ ನೆನಪು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಹತ್ತು ವರ್ಷದ ಹಿಂದಿನ ಊಟದಲ್ಲಿ ಯಾರು ಬದನೆಕಾಯಿ ಬಿಟ್ಟರು ಎಂಬುದನ್ನೂ ಹೇಳುತ್ತಿದ್ದಳು. ಹೇಳಿದ್ದು ತಪ್ಪಾದದ್ದು ನನಗೆ ಗೊತ್ತಿಲ್ಲ.

ಅವಳಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಆಯಿತು. ಚಿಕಿತ್ಸೆಯಾಗಿ ವಾಸಿಯೂ ಆಯಿತು. ಎರಡು ವರ್ಷ ಸುಮ್ಮನೆ ಕಳೆಯಿತು. ಹ್ಯೂಸ್ಟನ್‌ಗೆ ಆ ದೊಡ್ಡ ನೆರೆ ಬಂದ ವರ್ಷ, ಅಕ್ಟೋಬರಿನಲ್ಲಿ, ಅವಳು ನನಗೆ ಫೋನ್ ಮಾಡಿದಳು. ಟೈಪ್ ಮಾಡುವಾಗ ಬಲಗೈ ಬೆರಳು ತಪ್ಪು ಕೀಲಿಯ ಮೇಲೆ ಹೋಗುತ್ತದೆ, ಮಾತಾಡುವಾಗ ಒಂದೊಂದು ಪದ ನಾಲಿಗೆಗೆ ಬಂದು ನಿಂತುಬಿಡುತ್ತದೆ ಎಂದಳು. ಅವಳ ಡಾಕ್ಟರು ಮಿದುಳಿನ ಎಂಆರ್‌ಐ ಮಾಡಿಸಿದ್ದರು. ರಿಪೋರ್ಟಿನಲ್ಲಿ ಎಡಗಡೆ ಒಂದು ಸಣ್ಣ ಬಿಳಿ ಕಲೆ ಇದೆ, ಅರ್ಥ ಸ್ಪಷ್ಟವಿಲ್ಲ, ಒಂದು ತಿಂಗಳ ನಂತರ ಮತ್ತೆ ತೆಗೆಯುವುದು ಒಳ್ಳೆಯದು ಎಂದು ಬರೆದಿತ್ತು.

"ಸೀಡಿ ಪೋಸ್ಟ್ ಮಾಡ್ತೀನಿ ಡಾಕ್ಟ್ರೇ. ನೀವೊಂದ್ಸಲ ನೋಡಿಬಿಡಿ. ಪ್ರಹ್ಲಾದಂಗೆ ಮಾತ್ರ ಈಗ್ಲೇ ಹೇಳ್ಬೇಡಿ, ಮೊದಲ ಕಾಯಿಲೇಲೇ ಅವನು ಅರ್ಧ ಆಗಿಹೋಗಿದಾನೆ."

ಕವರ್ ಬಂತು. ಶಾರದಾ ಅದನ್ನು ತಂದು ನನ್ನ ಟೇಬಲ್ಲಿನ ಮೇಲಿಟ್ಟಳು. ಅದರ ಮೇಲೆ ಪತ್ರಿಕೆಗಳು ಬಂದವು. ಹತ್ತು ದಿನವಾಯಿತು. ಒಂದು ಭಾನುವಾರ ಮಧ್ಯಾಹ್ನ, ಮನೆಯಲ್ಲಿ ನೆಂಟರಿದ್ದು ಎಲೆ ಹಾಕುತ್ತಿದ್ದ ಹೊತ್ತಿಗೆ, ವಸುಧಾಳ ಫೋನ್ ಬಂತು.

"ನೋಡಿದ್ರಾ?"

ಇಲ್ಲ, ಸಂಜೆ ನೋಡಿ ಹೇಳುತ್ತೇನೆ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?

"ನೋಡಿದೆ. ಏನೂ ಇಲ್ಲ, ವಸುಧಾ."

"ಆ ಬಿಳಿ ಸ್ಪಾಟು?"

"ಐವತ್ತು ದಾಟಿದ ಮೇಲೆ ಎಲ್ಲರ ತಲೇಲೂ ಅಂಥದ್ದು ಒಂದೆರಡು ಇರತ್ತೆ. ನನ್ನ ತಲೇಲಿ ನಾಲ್ಕಾದ್ರೂ ಇದೆ."

ಅವಳು ನಕ್ಕಳು. ಆ ನಗು ಈಗಲೂ ಕೇಳುತ್ತದೆ — ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಬಿಟ್ಟ ಹಾಗಿತ್ತು.

"ಹಾಗಾದ್ರೆ ಮುಂದಿನ ತಿಂಗಳ ಸ್ಕ್ಯಾನ್ ಬೇಡ್ವಾ?"

"ರಿಪೋರ್ಟ್ ಬರೆಯೋರು ತಮ್ಮ ಹುಷಾರಿಗೆ ಹಾಗೆ ಬರೀತಾರೆ. ನಿಶ್ಚಿಂತೆಯಾಗಿರು."

ಇದಕ್ಕೆ ಕಾರಣ ಏನೆಂದು ಹುಡುಕಿದ್ದೇನೆ. ದ್ವೇಷವಿರಲಿಲ್ಲ. ದಣಿವೂ ಅಂಥದ್ದೇನಿರಲಿಲ್ಲ. ಕವರ್ ಹರಿದು, ಕಂಪ್ಯೂಟರ್ ಶುರು ಮಾಡಿ, ಡಿಸ್ಕ್ ಹಾಕಿ — ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಮಾಡಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಇದಕ್ಕಿಂತ ಆಳವಾದದ್ದು ಏನೂ ಸಿಗಲಿಲ್ಲ. ಲಿಂಫೋಮಾಗೆ ಚಿಕಿತ್ಸೆ ಪಡೆದವರ ಮಿದುಳಿನಲ್ಲಿ ಹೊಸ ಕಲೆ ಕಂಡರೆ ಮೊದಲು ಯಾವುದನ್ನು ನೆನೆಯಬೇಕೆಂದು ತರಬೇತಿಗೆ ಬರುವ ಡಾಕ್ಟರುಗಳಿಗೆ ಪ್ರತಿ ವರ್ಷ ಪಾಠ ಹೇಳುತ್ತಿದ್ದವನು ನಾನು.

ಮುಂದಿನ ತಿಂಗಳ ಸ್ಕ್ಯಾನನ್ನು ವಸುಧಾ ಕ್ಯಾನ್ಸಲ್ ಮಾಡಿದಳು.

ಜನವರಿಯಲ್ಲಿ ಪ್ರಹ್ಲಾದ ಫೋನ್ ಮಾಡಿದ. ಅವನ ದನಿ ನನಗೆ ಗುರುತೇ ಸಿಗಲಿಲ್ಲ.

"ಡಾಕ್ಟರ, ವಸುಧಾಗ ಮಾತು ಬರವಲ್ದ್ರಿ. ನೀರು ಅನ್ಲಿಕ್ಕೆ ಹೋಗಿ ಕಿಟಕಿ ಅಂತಾಳ. ಬಲಗೈ ಎತ್ತಲಿಕ್ಕೇ ಆಗವಲ್ದು. ಅಕ್ಟೋಬರ್‌ದಾಗ ಒಂದು ಸ್ಕ್ಯಾನ್ ಮಾಡಿಸ್ಯಾಳಂತ, ನನಗ ಹೇಳೇ ಇಲ್ಲ. ಮತ್ತ ಮಾಡಸ್ರಿ ಅಂದ್ರ ಹೋಗೇ ಇಲ್ಲಂತ. ಯಾಕ ಹಂಗ ಮಾಡಿದ್ಲ್ರಿ ಅಕಿ?"

ನಾನು ಕಾದೆ. ನಿಮಗೇನಾದರೂ ಹೇಳಿದ್ದಳೇ ಎಂದು ಅವನು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಹೇಳಬಲ್ಲವಳಿಗೆ ಮಾತು ಹೋಗಿತ್ತು. ಆ ಕ್ಷಣ ನನಗೆ ಆದದ್ದು ದುಃಖವಲ್ಲ, ನಿರಾಳ. ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ಭಯ ಬಿದ್ದಿರ್ತಾಳೆ, ಪ್ರಹ್ಲಾದ," ಎಂದೆ. "ಎಷ್ಟೋ ಜನ ಹಾಗೇ ಮುಂದೆ ಹಾಕ್ತಾರೆ."

ಫೋನಿಟ್ಟು ಪತ್ರಿಕೆಗಳ ಕೆಳಗಿನಿಂದ ಕವರ್ ತೆಗೆದು ಹರಿದೆ. ಡಿಸ್ಕಿನ ಜೊತೆ ಒಂದು ಚೀಟಿ ಇತ್ತು. ಯಾವ ಸಾಲಿನ ಎಷ್ಟನೆಯ ಚಿತ್ರ ನೋಡಬೇಕೆಂದು ಅವಳೇ ಗುರುತು ಹಾಕಿ ಬರೆದಿದ್ದಳು. ಅದನ್ನು ತೆರೆದೆ. ಕಲೆ ಅಲ್ಲಿತ್ತು, ಕಡಲೆಬೇಳೆಯಷ್ಟು. ಅದರ ಜಾಗ, ಅಂಚು, ಆಕಾರ — ಎಲ್ಲವೂ ನಾನು ಪಾಠದಲ್ಲಿ ತೋರಿಸುವ ಚಿತ್ರದ ಹಾಗೇ ಇತ್ತು. ನೋಡಿದ್ದರೆ ಅರ್ಧ ನಿಮಿಷ ಸಾಕಾಗಿತ್ತು. ಆಸ್ಟಿನ್ನಿನ ಆಸ್ಪತ್ರೆಯವರು ಜನವರಿಯಲ್ಲಿ ತೆಗೆದ ಚಿತ್ರದಲ್ಲಿ ಅದು ಅಂಗೈಯಷ್ಟಾಗಿತ್ತು.

ಬೆನ್ನುಹುರಿಯ ನೀರಿನಲ್ಲಿ ವೈರಸ್ ಸಿಕ್ಕಿತು. ಈ ಕಾಯಿಲೆಗೆ ಉದ್ದದ ಒಂದು ಹೆಸರಿದೆ, ಡಾಕ್ಟರುಗಳು ಪಿಎಂಎಲ್ ಎನ್ನುತ್ತಾರೆ. ಬಹಳ ಅಪರೂಪದ್ದು. ಇದನ್ನು ತರುವ ವೈರಸ್ ಮಾತ್ರ ಅಪರೂಪವಲ್ಲ. ಬಹುಪಾಲು ಜನರ ಮೈಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಮೈಯ ಕಾವಲು ಕುಗ್ಗಿದಾಗ ಯಾರೋ ಕೆಲವರಲ್ಲಿ ಎದ್ದು, ಮಿದುಳಿನ ನರತಂತಿಗಳ ಮೇಲಿನ ಹೊದಿಕೆಯನ್ನು ತಿನ್ನಲು ಶುರು ಮಾಡುತ್ತದೆ. ಅದನ್ನು ಕೊಲ್ಲುವ ಔಷಧಿ ಇಲ್ಲ. ಕೆಲವು ತಿಂಗಳು ಎಂದು ಡಾಕ್ಟರು ಪ್ರಹ್ಲಾದನಿಗೆ ಹೇಳಿದರು.

ಅಕ್ಟೋಬರಿನಲ್ಲೇ ಗೊತ್ತಾಗಿದ್ದರೆ ಎಷ್ಟು ಉಳಿಯುತ್ತಿತ್ತು? ಮಾತು ಉಳಿಯುತ್ತಿತ್ತೇ, ಕೈ ಉಳಿಯುತ್ತಿತ್ತೇ? ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನೇ ನಾನು ಬಹಳ ದಿನ ಆಸರೆ ಮಾಡಿಕೊಂಡಿದ್ದೆ.

ಆಮೇಲೆ ನಾನು ಓಡಾಡಿದೆ. ಹಿಂದೆ ನನ್ನ ಕೈಕೆಳಗೆ ಕಲಿತ ಒಬ್ಬಳು ಹ್ಯೂಸ್ಟನ್ನಿನಲ್ಲಿದ್ದಳು. ಅವಳಿಗೆ ಫೋನ್ ಮಾಡಿದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೊಸದೊಂದು ಪ್ರಯತ್ನ ನಡೆದಿದೆ ಎಂದಳು. ಆರೋಗ್ಯವಂತ ದಾನಿಯ ರಕ್ತದಿಂದ ಕಾವಲು ಕಣಗಳನ್ನು ತೆಗೆದು, ಒಂದು ವೈರಸ್ಸಿನ ಗುರುತು ಹಿಡಿಯುವಂತೆ ಪಳಗಿಸಿ, ಸಂಖ್ಯೆ ಹೆಚ್ಚಿಸಿ, ಶೈತ್ಯದಲ್ಲಿಟ್ಟಿರುತ್ತಾರೆ. ಆ ಕಣಗಳಿಗೆ ಕಲಿಸಿದ್ದು ಇನ್ನೊಂದು ವೈರಸ್ಸಿನ ಗುರುತು. ಆದರೆ ವಸುಧಾಳ ಮಿದುಳಿನಲ್ಲಿದ್ದದ್ದು ಅದರ ದಾಯಾದಿ, ನೋಡಲು ಹೆಚ್ಚುಕಡಿಮೆ ಅದೇ ಮುಖ. ಒಂದರ ಗುರುತು ಕಲಿತ ಕಣಗಳು ಇನ್ನೊಂದರ ಮೇಲೂ ಬೀಳುತ್ತವೆ ಎಂಬುದು ಅವರ ನಂಬಿಕೆ. ಕೆಲವರಲ್ಲಿ ಹಾಗೇ ಆಗಿತ್ತು. ಎಲ್ಲರಲ್ಲೂ ಅಲ್ಲ.

ವಾರದೊಳಗೆ ಕಾಗದಪತ್ರ ಕೂಡಿಸಿದೆ, ಇಬ್ಬರು ಡಾಕ್ಟರುಗಳ ಹತ್ತಿರ ಅಂಗಲಾಚಿದೆ, ಅವಳಿಗೆ ಜಾಗ ಸಿಕ್ಕಿತು. ಇದನ್ನು ಪ್ರಾಯಶ್ಚಿತ್ತ ಎನ್ನಬಹುದು. ಆಗ ಹಾಗೆ ಅನ್ನಿಸಿರಲಿಲ್ಲ. ಮುಂದೆ ನಿಂತು ದಾರಿ ತೋರಿಸುವವನನ್ನು ಯಾರೂ — ನೀನು ಹಿಂದೆ ಎಲ್ಲಿದ್ದೆ ಎಂದು ಕೇಳುವುದಿಲ್ಲ.

ಹ್ಯೂಸ್ಟನ್ನಿನಲ್ಲಿ ಪ್ರಹ್ಲಾದನ ಸ್ನೇಹಿತರೊಬ್ಬರ ಮನೆಯಲ್ಲಿ ಅವರು ಉಳಿದರು, ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಹತ್ತಿರ. ಹಿಂದಿನ ವರ್ಷದ ನೆರೆ ಆ ಮನೆಗೂ ನುಗ್ಗಿತ್ತು. ನೀರು ಕುಡಿದ ಹಲಗೆಯ ಗೋಡೆಗಳನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ ಹೊಸದಾಗಿ ಕೂಡಿಸಿದ್ದರು, ಬಣ್ಣ ಇನ್ನೂ ಹಚ್ಚಿರಲಿಲ್ಲ. ನಾನು ಮರ್ಫಿಯಿಂದ ಡ್ರೈವ್ ಮಾಡಿಕೊಂಡು ಹೋದೆ. ಕಣಗಳನ್ನು ಕೊಡುವ ದಿನ ಬೆಳಿಗ್ಗೆ ನರ್ಸ್ ಒಂದು ಸಿರಿಂಜಿನಷ್ಟು ದ್ರವ ತಂದಳು. ಹಾಲು ಬೆರೆಸಿದ ನೀರಿನಂತಿತ್ತು. ರಕ್ತನಾಳದೊಳಗೆ ನಿಧಾನವಾಗಿ ತಳ್ಳಿದಳು. ಕೆಲವೇ ನಿಮಿಷ.

"ಇಷ್ಟ ಏನ್ರಿ?" ಎಂದ ಪ್ರಹ್ಲಾದ. ಅವನು ದೊಡ್ಡ ಯಂತ್ರ, ದೊಡ್ಡ ಕೋಣೆ ಏನೇನೋ ಊಹಿಸಿಕೊಂಡಿದ್ದ.

"ಇಷ್ಟೇ."

ವಸುಧಾ ನನ್ನನ್ನು ನೋಡುತ್ತಿದ್ದಳು. ಏನನ್ನಾದರೂ ಹೇಳುವ ಪ್ರಯತ್ನವಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ನಾನು ಮಾನಿಟರಿನ ಕಡೆ ತಿರುಗಿದೆ.

ತಿಂಗಳಿಗೊಂದರಂತೆ ಮೂರು ಸಲ ಕೊಟ್ಟರು. ಎರಡನೆಯದರ ಹೊತ್ತಿಗೆ ಬೆನ್ನುಹುರಿಯ ನೀರಿನಲ್ಲಿ ವೈರಸ್ ಇಳಿಯತೊಡಗಿತ್ತು. ಸ್ಕ್ಯಾನುಗಳನ್ನು ಪ್ರಹ್ಲಾದ ನನಗೂ ಕಳಿಸುತ್ತಿದ್ದ. ಈಗ ಬಂದ ಗಳಿಗೆಯಲ್ಲೇ ನೋಡುತ್ತಿದ್ದೆ. ಕಲೆ ಬೆಳೆಯುವುದು ನಿಂತಿತ್ತು. ಮೂರನೆಯದಾದ ಕೆಲವು ದಿನಗಳ ಮೇಲೆ, ಸ್ನೇಹಿತರ ಮನೆಯ ಆ ಬಣ್ಣ ಹಚ್ಚದ ಹಾಲ್‌ನಲ್ಲಿ ಶಾರದಾಳೂ ಸೇರಿ ನಾವೆಲ್ಲ ಕೂತಿದ್ದಾಗ, ವಸುಧಾ ಮಗಳ ಕಡೆ ನೋಡಿ ಹೇಳಿದಳು —

"ನಿಧಿ, ಕೂದಲು ಕಟ್ಕೋ."

ಒಂದಕ್ಷರವೂ ತಪ್ಪಿರಲಿಲ್ಲ. ನಿಧಿ ಕಿರುಚಿದಳು, "ಅಮ್ಮಾ! ಸೇ ಇಟ್ ಅಗೇನ್!" ಪ್ರಹ್ಲಾದ ಗೋಡೆಗೆ ಮುಖ ಮಾಡಿ ಅತ್ತ. ಶಾರದಾ ಅತ್ತಳು. ನಾನು ಸಂತೋಷ ತೋರಿಸಿದೆ. ಒಳಗೆ ಬೇರೆ ಲೆಕ್ಕ ಹಾಕುತ್ತಿದ್ದೆ: ಅವಳ ನೆನಪು ಎಲ್ಲಿಯವರೆಗೆ ಮರಳುತ್ತದೆ? ಅಕ್ಟೋಬರಿನವರೆಗೆ ಹೋಗುತ್ತದೆಯೇ? ಅವಳು ಬದುಕಲಿ ಎಂದು ಬಯಸಿದ್ದು ನಿಜ. ಅಷ್ಟಕ್ಕೇ ನಿಲ್ಲಲಿ ಎಂದು ಬಯಸಿದ್ದೂ ನಿಜ.

ಮರ್ಫಿಗೆ ಹಿಂತಿರುಗಿದ ವಾರ ಆ ಸೀಡಿಯನ್ನೂ ಚೀಟಿಯನ್ನೂ ಆಸ್ಪತ್ರೆಗೆ ಒಯ್ದು, ರೋಗಿಗಳ ಹಳೆಯ ಕಾಗದಗಳನ್ನು ನಾಶ ಮಾಡಲು ಹಾಕುವ ಬೀಗದ ಡಬ್ಬಿಯೊಳಗೆ ಬಿಟ್ಟೆ.

ಜುಲೈನಲ್ಲಿ ಪ್ರಹ್ಲಾದ ತನ್ನ ಮನೆಯಲ್ಲಿ ಒಂದು ಊಟ ಇಟ್ಟುಕೊಂಡ. ಇಪ್ಪತ್ತು ಜನರಿದ್ದರು, ಎಲ್ಲರೂ ಬೇಕಾದವರು. ಊಟಕ್ಕೆ ಮೊದಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದ. ಅವನಿಗೆ ಮಾತಾಡಿ ಅಭ್ಯಾಸವಿರಲಿಲ್ಲ. "ಎಲ್ಲಾರೂ ಆಗೂದಿಲ್ಲ ಅಂದಾಗ ಇವರು ಬಂದ್ರು. ಇವರಿಲ್ಲಂದ್ರ ವಸುಧಾ ಇಲ್ಲ. ಅಷ್ಟ," ಎಂದು ನಿಲ್ಲಿಸಿದ. ಚಪ್ಪಾಳೆಯಾಯಿತು.

ಸೋಫಾದ ತುದಿಯಲ್ಲಿ ಕೂತಿದ್ದ ವಸುಧಾ ಎಡಗೈ ಎತ್ತಿದಳು. ಎಲ್ಲರೂ ಅವಳ ಕಡೆ ಬಾಗಿದರು. ಅವಳ ಮಾತು ಆಗ ಹೀಗಿತ್ತು: ಒಂದು ಪದ, ನಿಲುಗಡೆ, ಇನ್ನೊಂದು ಪದ. ಆದರೆ ಪದಗಳು ಸರಿಯಾಗಿರುತ್ತಿದ್ದವು.

"ಸೀಡಿ... ಕಳಿಸಿದ್ದೆ. ಅಕ್ಟೋಬರ್. ಡಾಕ್ಟ್ರಿಗೆ." ಸ್ವಲ್ಪ ಹೊತ್ತು ತೆಗೆದುಕೊಂಡಳು. "ನೋಡಿದೆ ಅಂದ್ರು. ಏನೂ... ಇಲ್ಲ ಅಂದ್ರು. ಅದಕ್ಕೇ... ನಾನು ಹೋಗ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏಳು ತಿಂಗಳಿಂದ ಗಂಡ, ಮಗಳು, ಅಕ್ಕಪಕ್ಕದವರು ಎಲ್ಲ — ಯಾಕೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ — ಎಂದು ಅವಳ ಎದುರಿಗೇ ಆಡಿಕೊಂಡ ಮಾತಿಗೆ ಉತ್ತರ ಕೊಡುತ್ತಿದ್ದಳು. ಅಷ್ಟೇ. ತನ್ನ ಮೇಲಿನ ಅಪವಾದವನ್ನು ಇಳಿಸುತ್ತಿದ್ದಳು.

ಪ್ರಹ್ಲಾದ ನನ್ನ ಕಡೆ ತಿರುಗಿದ. "ಖರೇ ಏನ್ರಿ? ನಿಮಗ ಕಳಿಸಿದ್ಲೇನು?"

"ಇಲ್ಲ," ಎಂದೆ.

ಅಲ್ಲಿಗೆ ನಿಲ್ಲಿಸಲಿಲ್ಲ. ಡಾಕ್ಟರ ದನಿಯಲ್ಲಿ, ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಕಾಯಿಲೇಲಿ ಹೀಗಾಗತ್ತೆ, ಪ್ರಹ್ಲಾದ. ನೆನಪಿನ ತುಂಡುಗಳು ಅದಲುಬದಲಾಗ್ತವೆ. ಆಗದೇ ಇದ್ದದ್ದು ಆಗಿದೆ ಅಂತ ಖಂಡಿತವಾಗಿ ಅನ್ನಿಸತ್ತೆ. ವಾದ ಮಾಡ್ಬೇಡಿ, ಅವಳಿಗೆ ಸುಸ್ತಾಗತ್ತೆ. ಹೂಂ ಅಂದುಬಿಡಿ."

ವಸುಧಾ ಬಾಯಿ ತೆರೆದಳು. "ಅಲ್ಲ..." ಎಂದಳು. ಮತ್ತೆ "ಅಲ್ಲ" ಎಂದಳು. ಮುಂದಿನ ಪದ ಬರಲಿಲ್ಲ — ಸಿಟ್ಟು ಬಂದರೆ ಅವಳ ಮಾತು ಪೂರ್ತಿ ಕಟ್ಟಿಬಿಡುತ್ತಿತ್ತು. ಪ್ರಹ್ಲಾದ ಅವಳ ಪಕ್ಕ ಕೂತು ಬೆನ್ನು ಸವರಿದ. "ಹೂಂ. ಹೂಂ. ಆತು ಬಿಡು," ಎಂದ. ಯಾರೋ ಅಡುಗೆಮನೆಗೆ ಎದ್ದು ಹೋದರು. ಊಟ ಬಡಿಸಿದರು.

ಇದು ಎರಡನೆಯದು.

ವಾಪಸು ಬರುವಾಗ ಹೆದ್ದಾರಿಯಲ್ಲಿ ವೇಕೊ ಊರು ದಾಟಿದ ಮೇಲೆ ಶಾರದಾ ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದಳು: "ಆ ಕವರ್ ಮೇಲ್‌ಬಾಕ್ಸಿಂದ ತಂದು ನಿಮ್ಮ ಟೇಬಲ್ ಮೇಲೆ ಇಟ್ಟಿದ್ದು ನಾನು."

"ಹೌದು," ಎಂದೆ.

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಶಾಲನ್ನು ಅವಳು ಬೀರುವಿನಲ್ಲಿಡಲಿಲ್ಲ. ಎಲ್ಲಿಟ್ಟಳೋ ನಾನು ಕೇಳಲಿಲ್ಲ.

ಮುಂದಿನ ಒಂದು ವರ್ಷಕ್ಕೂ ಮೇಲೆ ಅವರ ಮನೆಗೆ ಎರಡು ಮೂರು ಸಲ ಹೋದೆ. ಪ್ರತಿ ಸಲವೂ ಅವಳ ನಡಿಗೆ, ಮಾತು ಇನ್ನಷ್ಟು ಚೆನ್ನಾಗಿರುತ್ತಿದ್ದವು. ಆದರೆ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಪ್ರಹ್ಲಾದ ಅವಳ ವಾಕ್ಯಗಳನ್ನು ತಾನೇ ಮುಗಿಸುತ್ತಿದ್ದ. ಅವಳು ಫೋನ್ ಎತ್ತಿದರೆ ಮೆಲ್ಲನೆ ಕೈಯಿಂದ ತೆಗೆದುಕೊಳ್ಳುತ್ತಿದ್ದ. ಯಾವುದೋ ಹಳೆಯ ಊಟದ ವಿಷಯ ಬಂದು ಅವಳು ಏನೋ ಹೇಳಿದರೆ ಬಂದವರು ಮುಗುಳ್ನಕ್ಕು "ಹೂಂ" ಎನ್ನುತ್ತಿದ್ದರು. ಅವಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರೂ ಹೂಂ ಎನ್ನುತ್ತಿದ್ದರು. ಪ್ರಹ್ಲಾದ ನನಗೇ ವಿವರಿಸಿದ: "ನೆನಪು ಅದಲುಬದಲಾಗ್ತಾವ್ರಿ ಅಕಿಗೆ. ನೀವ ಹೇಳಿದ್ರಲ್ಲ." ಅವನು ಅಷ್ಟು ಪ್ರೀತಿಯ ಗಂಡ. ನನ್ನ ಮಾತನ್ನು ಒಂದಿಷ್ಟೂ ಬಿಡದೆ ಪಾಲಿಸುತ್ತಿದ್ದ. ವಸುಧಾ ನನ್ನ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಳು. ಅಕ್ಟೋಬರಿನ ಮಾತು ಮತ್ತೆ ತೆಗೆಯಲಿಲ್ಲ.

ಮರುವರ್ಷದ ಚಳಿಗಾಲದ ಹೊತ್ತಿಗೆ ನಿಧಿ ಫೋನ್ ಮಾಡಿದಳು. ಅಮ್ಮ ಬಾತ್‌ರೂಮಿನಲ್ಲಿ ಬಿದ್ದು ಎಡ ಮಣಿಕಟ್ಟು ಮುರಿದಿದೆ ಎಂದಳು. ಚೆನ್ನಾಗಿದ್ದದ್ದು ಆ ಕೈ ಒಂದೇ. ಬಿದ್ದದ್ದು ಯಾಕೆಂದೂ ಹೇಳಿದಳು. ಫಿಟ್ಸ್ ಬಾರದಂತೆ ಬೆಳಿಗ್ಗೆ ಒಂದು ಮಾತ್ರೆ ಇತ್ತು. ವಸುಧಾ ಎದ್ದ ಕೂಡಲೇ ತಾನೇ ತೆಗೆದುಕೊಳ್ಳಲು ಶುರು ಮಾಡಿದ್ದಳು. ಪ್ರಹ್ಲಾದ ಮಾತ್ರೆ ತಂದಾಗ "ತಗೊಂಡೆ" ಎನ್ನುತ್ತಿದ್ದಳು. ಅವನು ಹೂಂ ಎಂದು ಇನ್ನೊಂದನ್ನು ಅವಳ ಬಾಯಿಗೆ ಹಾಕುತ್ತಿದ್ದ. ವಾದಿಸಿ ಸಾಕಾಗಿ ಅವಳು ನುಂಗುತ್ತಿದ್ದಳು. ಮೂರು ವಾರ ಹೀಗೆ ನಡೆದಿತ್ತು. ತಲೆ ತಿರುಗಿ ಬಿದ್ದಳು.

"ಶಿ ಟೋಲ್ಡ್ ಹಿಮ್, ಅಂಕಲ್. ಎವ್ರಿ ಸಿಂಗಲ್ ಡೇ ಶಿ ಟೋಲ್ಡ್ ಹಿಮ್," ಎಂದು ನಿಧಿ ಅಳುತ್ತಿದ್ದಳು. ಆಮೇಲೆ ಕನ್ನಡದಲ್ಲಿ ಒಂದೇ ಮಾತು, ತಡವರಿಸುತ್ತ: "ನೀವು ಹೂಂ ಅನ್ನಿ ಅಂತ ಹೇಳಿದ್ರಿ."

ಮಾರನೆಯ ದಿನ ಹೊರಟೆ. ಶಾರದಾ ಬಾಗಿಲವರೆಗೆ ಬಂದು, "ಇವತ್ತು ನೀವೊಬ್ಬರೇ ಹೋಗ್ಬೇಕು," ಎಂದಳು.

ಫ್ಲೂಗರ್‌ವಿಲ್ ತಲುಪಿದಾಗ ಮಧ್ಯಾಹ್ನ. ಪ್ರಹ್ಲಾದನೂ ವಸುಧಾಳೂ ಹಾಲ್‌ನಲ್ಲಿದ್ದರು. ಅವಳ ಎಡಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಕೂತ ತಕ್ಷಣ ಹೇಳಲು ಶುರು ಮಾಡಿದೆ. ನಿಂತರೆ ಮತ್ತೆ ಆಗುವುದಿಲ್ಲವೆಂದು ಗೊತ್ತಿತ್ತು. ಕವರ್, ಭಾನುವಾರದ ಫೋನ್, ಜನವರಿಯಲ್ಲಿ ಕಂಡ ಕಲೆ, ಡಬ್ಬಿಗೆ ಹಾಕಿದ ಸೀಡಿ, ಶಾಲಿನ ದಿನ. ಐದು ನಿಮಿಷದಲ್ಲಿ ಮುಗಿಯಿತು. ಎರಡು ವರ್ಷ ಹೊತ್ತದ್ದು ಐದು ನಿಮಿಷದ ಮಾತಾಗಿತ್ತು.

ಪ್ರಹ್ಲಾದ ನನ್ನನ್ನು ನೋಡಲಿಲ್ಲ. ಹೆಂಡತಿಯ ಪ್ಲಾಸ್ಟರನ್ನು ನೋಡುತ್ತಿದ್ದ. "ನಾನು ಅಕಿ ಬಾಯಿಗೆ ಹಾಕಿದೆ," ಎಂದ. "ದಿನಾ. ಈ ಕೈಲೆ." ಆಮೇಲೆ ಎದ್ದು ನಿಂತ. "ಡಾಕ್ಟರ, ನೀವು ಈಗ ನಡೀರಿ."

ನಾನು ಎದ್ದೆ.

"ಕೂತ್ಕೊಳ್ಳಿ," ಎಂದಳು ವಸುಧಾ.

ಕೂತೆ. ಪ್ರಹ್ಲಾದ ಒಳಗೆ ಹೋದ. ಅವಳು ತನ್ನ ಪದಗಳನ್ನು ಒಂದೊಂದಾಗಿ ಹುಡುಕಿ ತಂದಳು. ನಾನು ಒಂದನ್ನೂ ತುಂಬಿಸಿ ಕೊಡಲಿಲ್ಲ.

"ನೋಡ್ಲಿಲ್ಲ. ಅದು... ಸೋಮಾರಿತನ. ಎಲ್ರಿಗೂ ಇರತ್ತೆ. ನಂಗೂ." ನಿಲುಗಡೆ. "ಹ್ಯೂಸ್ಟನ್ನಲ್ಲಿ ನನ್ನ ಉಳಿಸಿದ್ರಿ. ಅದೂ... ಹೌದು."

ಅವಳು ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಆದ್ರೆ ಅವತ್ತು... ನಂಗೆ ಎಲ್ಲಾ ಹೋಗಿತ್ತು. ಕೈ. ಮಾತು. ಕೆಲಸ. ನೆನಪು... ಒಂದೇ ಇತ್ತು. ಅದನ್ನ ನೀವು... ಸುಳ್ಳು ಅಂದ್ರಿ."

ಅವಳು ಟೀಪಾಯಿಯ ಮೇಲಿದ್ದ ಕಾಗದದ ಕಡೆ ಕಣ್ಣು ತೋರಿಸಿದಳು.

"ಬರೆದು ಕೊಡಿ," ಎಂದಳು. "ಅವತ್ತು ಊಟಕ್ಕೆ ಬಂದಿದ್ರಲ್ಲ... ಎಲ್ರಿಗೂ." ಆಮೇಲೆ ಅವರ ಹೆಸರುಗಳನ್ನು ಹೇಳಿದಳು. ಇಪ್ಪತ್ತೂ ಹೆಸರು, ಕೂತಿದ್ದ ಸಾಲಿನಲ್ಲೇ. ನಾನು ಬರೆದುಕೊಂಡೆ. ಹೇಳಿ ಮುಗಿಸಲು ಕಾಲು ಗಂಟೆ ಹಿಡಿಯಿತು.

ಮನೆಗೆ ಬಂದು ಬರೆದೆ. ರಿಪೋರ್ಟ್ ಬರೆದು ಅಭ್ಯಾಸವಾದ ಕೈ. ಚೊಕ್ಕವಾದ ನಾಲ್ಕು ಸಾಲು. ಸ್ಕ್ಯಾನ್ ನನಗೆ ಬಂದಿತ್ತು ಎಂದು ಬರೆದೆ. ನೋಡದೆ ಅಭಿಪ್ರಾಯ ಹೇಳಿದ್ದೆ ಎಂದು ಬರೆದೆ. ಅದನ್ನು ನಂಬಿ ಅವಳು ಮತ್ತೆ ಸ್ಕ್ಯಾನಿಗೆ ಹೋಗಲಿಲ್ಲ ಎಂದು ಬರೆದೆ. ಜುಲೈನ ಊಟದ ದಿನ ವಸುಧಾಳ ನೆನಪಿನ ಬಗ್ಗೆ ನಾನು ಆಡಿದ ಮಾತು ತಪ್ಪು ಗ್ರಹಿಕೆಯಿಂದ ಆದದ್ದು ಎಂದು ಬರೆದೆ. ಎಲ್ಲರಿಗೂ ಕಳಿಸುವ ಮುಂಚೆ ಅವಳು ನೋಡಲಿ ಎಂದು ಪೋಸ್ಟ್ ಮಾಡಿದೆ.

ವಾರದ ಮೇಲೆ ಅದು ಹಿಂತಿರುಗಿ ಬಂತು. ಮೂರು ಸಾಲುಗಳನ್ನು ಮುಟ್ಟಿರಲಿಲ್ಲ. ನಾಲ್ಕನೆಯದರಲ್ಲಿ "ತಪ್ಪು ಗ್ರಹಿಕೆಯಿಂದ ಆದದ್ದು" ಎಂಬುದನ್ನು ಹೊಡೆದುಹಾಕಿ ಮೇಲೆ ಒಂದೇ ಪದ ಬರೆದಿದ್ದಳು: ಸುಳ್ಳು. ಎಡಗೈ ಪ್ಲಾಸ್ಟರಿನಲ್ಲಿದ್ದದ್ದರಿಂದ, ಎತ್ತಲಾಗದೆ ಬಿದ್ದುಹೋಗಿದ್ದ ಬಲಗೈಯಲ್ಲೇ ಬರೆದಿದ್ದಳು. ಅಕ್ಷರಗಳು ಸಾಲು ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋಗಿದ್ದವು. ಓದಲು ಏನೂ ಕಷ್ಟವಿರಲಿಲ್ಲ.

ಅವಳು ತಿದ್ದಿದ ಹಾಗೆ ಮತ್ತೆ ಬರೆದು ಇಪ್ಪತ್ತು ಜನರಿಗೂ ಕಳಿಸಿದೆ. ಕೆಲವರು ನನ್ನ ಜೊತೆ ಮಾತು ಬಿಟ್ಟರು. ಒಬ್ಬರು, ಇಷ್ಟು ದೊಡ್ಡದು ಮಾಡಬೇಕಾಗಿರಲಿಲ್ಲ ಎಂದರು. ಪ್ರಹ್ಲಾದ ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ಆಡುತ್ತಾನೆಂದು ನಾನು ಕಾಯುವುದೂ ಇಲ್ಲ. ವಸುಧಾ ಬೆಳಗಿನ ಮಾತ್ರೆಯನ್ನು ತಾನೇ ತೆಗೆದುಕೊಳ್ಳುತ್ತಾಳೆ, ಫೋನ್ ತಾನೇ ಎತ್ತುತ್ತಾಳೆ ಎಂದು ನಿಧಿ ಶಾರದಾಗೆ ಹೇಳಿದಳಂತೆ.

ಎಲ್ಲರೂ ಕಾಗದ ಓದಿ ಮುಗಿಸಿ ವರ್ಷಗಳಾದವು. ಆದರೆ ಇಂಥ ಮಾತು ಕಾಗದಕ್ಕಿಂತ ಮುಂದೆ ಹೋಗಿರುತ್ತದೆ. ಆ ಇಪ್ಪತ್ತು ಜನ ಇನ್ನೆಷ್ಟು ಜನರಿಗೆ, ಪಾಪ, ವಸುಧಾಗೆ ಹೀಗಾಗಿದೆಯಂತೆ ಎಂದು ಹೇಳಿದ್ದರೋ ನನಗೆ ತಿಳಿಯದು. ಅವರು ಇದನ್ನು ಓದುತ್ತಿದ್ದರೆ — ಅವಳ ನೆನಪಿನಲ್ಲಿ ಯಾವ ತುಂಡೂ ಅದಲುಬದಲಾಗಿರಲಿಲ್ಲ. ಸೀಡಿ ಕಳಿಸಿದ್ದಳು. ನಾನು ನೋಡಿದೆ ಎಂದಿದ್ದೆ. ಏನೂ ಇಲ್ಲ ಎಂದಿದ್ದೆ. ಅದಕ್ಕೇ ಅವಳು ಹೋಗಲಿಲ್ಲ.